ಇಪ್ಪತ್ತಕ್ಕೆ ನಾಲ್ಕು

ಕ್ವಾಕು ಸಾರ್ಪಾಂಗ್ ತನ್ನ ಐವತ್ತೊಂದನೆಯ ವಯಸ್ಸಿನಲ್ಲಿ ಮಾತಾಡುವುದನ್ನು ಕಲಿಯಲು ಕಾಲೇಜಿಗೆ ಸೇರಿದ ಎಂದ ಮಾತ್ರಕ್ಕೆ ಅಲ್ಲಿಯವರೆಗೆ ಅವನು ಮೂಗನಾಗಿದ್ದ ಎಂದು ಯಾರೂ ತಿಳಿಯಬಾರದು. ಕುಮಾಸಿ ಪಟ್ಟಣದ ನೀರಿನ ಪೈಪುಗಳ ಉಗ್ರಾಣದಲ್ಲಿ ಇಪ್ಪತ್ತಾರು ವರ್ಷ ಬೀಗದಕೈ ಗೊಂಚಲು ಹಿಡಿದು ಕೂತಿದ್ದ ಅವನಿಗೆ ಮೂರು ಮಾತು ಬಹಳ ಚೆನ್ನಾಗಿ ಬರುತ್ತಿದ್ದವು. 'ಇದೆ', 'ಇಲ್ಲ', ಮತ್ತು 'ಸೋಮವಾರ ಬನ್ನಿ'. ಇಷ್ಟರಲ್ಲೇ ಒಂದು ಸಂಸಾರ, ಒಂದು ನೌಕರಿ, ಎರಡು ಚುನಾವಣೆ ಎಲ್ಲವನ್ನೂ ಅವನು ಸಲೀಸಾಗಿ ದಾಟಿ ಬಂದಿದ್ದ.

ತೊಂದರೆ ಮಾಡಿದ್ದು ಬಡ್ತಿ. ಹಿರಿಯ ಉಗ್ರಾಣಿಕನಾಗಬೇಕಾದರೆ ಡಿಪ್ಲೊಮಾ ಬೇಕು ಎಂದು ಮೇಲಿನಿಂದ ಕಾಗದ ಬಂತು. ಸಂಜೆ ಕಾಲೇಜಿನ ಡಿಪ್ಲೊಮಾದಲ್ಲಿ ಲೆಕ್ಕಪತ್ರ, ದಾಸ್ತಾನು, ಕಂಪ್ಯೂಟರ್ ಎಲ್ಲವನ್ನೂ ಕ್ವಾಕು ಹಲ್ಲು ಕಚ್ಚಿಕೊಂಡು ಪಾಸು ಮಾಡಿದ. ಉಳಿದದ್ದು ಒಂದೇ ವಿಷಯ, ಭಾಷಣ ಕಲೆ. ಅದನ್ನು ಕಲಿಸುತ್ತಿದ್ದವರು ರಾಜಧಾನಿ ಅಕ್ರಾದಿಂದ ಬಂದ ಲಾಂಪ್ಟಿ ಮೇಡಂ. ಸಣ್ಣ ಆಳು, ದೊಡ್ಡ ಕನ್ನಡಕ, ಕಂಚಿನ ಕಂಠ. ಅವರು ಮೊದಲ ದಿನವೇ ಹಲಗೆಯ ಮೇಲೆ ನಾಲ್ಕು ನಿಯಮ ಬರೆದರು. ಒಂದು, ಮಾತು ಶುರುಮಾಡುವ ಮೊದಲು ಮೂರು ಕ್ಷಣ ಮೌನವಾಗಿ ನಿಲ್ಲಿ. ಎರಡು, ಎದುರಿಗಿರುವವರ ಕಣ್ಣಲ್ಲಿ ಕಣ್ಣಿಡಿ. ಮೂರು, ಹಳೇ ಕಾಲದ ಪೀಠಿಕೆ ಬೇಡ, ನೇರವಾಗಿ ಎದೆಗೆ ನಾಟುವ ಒಂದು ಪ್ರಶ್ನೆಯಿಂದ ಆರಂಭಿಸಿ. ನಾಲ್ಕು, ಸಭೆಯಲ್ಲಿ ಏನೇ ಗಲಾಟೆಯಾದರೂ ಮಾತು ನಿಲ್ಲಿಸಬೇಡಿ.

ಕ್ವಾಕು ನಾಲ್ಕನ್ನೂ ನೀಟಾಗಿ ಪುಸ್ತಕದಲ್ಲಿ ಬರೆದುಕೊಂಡ. 'ಉಗ್ರಾಣದಲ್ಲಿ ಬೆಂಕಿ ಅನಾಹುತ ತಡೆಯುವುದು ಹೇಗೆ' ಎಂಬ ಭಾಷಣವನ್ನು ಮೂರು ವಾರ ಉರು ಹೊಡೆದ. ತರಗತಿಯಲ್ಲಿ ಎದ್ದು ನಿಂತ. ಮೂರು ಕ್ಷಣದ ಮೌನ ಮೂರು ನಿಮಿಷವಾಯಿತು. ಆಮೇಲೆ ಕಿಟಕಿಯಾಚೆಯ ಮಾವಿನ ಮರದ ಕಡೆ ತಿರುಗಿ ಇಡೀ ಭಾಷಣವನ್ನು ಒಂದೇ ಉಸಿರಿನಲ್ಲಿ ಒದರಿ ಕೂತುಬಿಟ್ಟ. ಮೇಡಂ ಇಪ್ಪತ್ತಕ್ಕೆ ನಾಲ್ಕು ಕೊಟ್ಟರು.

"ಎದ್ದು ನಿಂತಿದ್ದಕ್ಕೆ ಎರಡು, ಕೂತಿದ್ದಕ್ಕೆ ಎರಡು," ಎಂದರು.

ಇಲ್ಲಿಗೆ ಮುಗಿದಿದ್ದರೆ ಇದು ಒಬ್ಬ ಮನುಷ್ಯನ ಖಾಸಗಿ ದುಃಖವಾಗಿ ಉಳಿಯುತ್ತಿತ್ತು. ಆದರೆ ಕ್ವಾಕುವಿಗೆ ಹೆಂಡತಿಯಿದ್ದಳು, ಹೆಂಡತಿಗೆ ಅಂಗಳವಿತ್ತು. ಆ ಅಂಗಳದ ಸುತ್ತ ಒಂಬತ್ತು ಸಂಸಾರಗಳ ಒಂಬತ್ತು ಬಾಗಿಲು, ಒಂದೇ ನಲ್ಲಿ. ಮುಚ್ಚಿಡುವಂಥದ್ದು ಏನನ್ನೂ ಅಲ್ಲಿ ಯಾರೂ ಇಟ್ಟುಕೊಂಡಿರಲಿಲ್ಲ. ಹೆಂಡತಿ ಅಫಿಯಾ ಗೆಣಸು ಹೆಚ್ಚುತ್ತ ಕೂತಿದ್ದಳು. ಪಕ್ಕದಲ್ಲೇ ಜೋಳದ ಹಿಟ್ಟಿನ ಕೆಂಕೆ ಉಂಡೆ ಮಾರುವ ಮಾನ್ಸಾ ಹಂಡೆ ತೊಳೆಯುತ್ತಿದ್ದಳು.

"ರೀ, ಎಷ್ಟು ಬಂತು?" ಎಂದಳು ಅಫಿಯಾ.

ಮಾನ್ಸಾ ಹಂಡೆ ಉಜ್ಜುವುದನ್ನು ನಿಲ್ಲಿಸಿದಳು. ಅವಳ ಉಜ್ಜುವ ಸದ್ದು ನಿಂತಿತೆಂದರೆ ಒಂಬತ್ತೂ ಬಾಗಿಲ ಕಿವಿ ನೆಟ್ಟಗಾಗುತ್ತವೆ. ಅಫಿಯಾಳ ಮುಖದಲ್ಲಿ ಇಪ್ಪತ್ತಮೂರು ವರ್ಷದ ಆಸೆಯಿತ್ತು. ಚರ್ಚಿನ ಹೆಂಗಸರೆಲ್ಲ 'ನಮ್ಮವರು ಸಭೆಯಲ್ಲಿ ಹಾಗೆ ಹೇಳಿದರು, ಹೀಗೆ ಹೇಳಿದರು' ಎನ್ನುವಾಗ ಆಕೆ ಸುಮ್ಮನೆ ಕೂತು ಬಂದವಳು. 'ಅಫಿಯಾ ಕಟ್ಟಿಕೊಂಡದ್ದು ಗಂಡನನ್ನಲ್ಲ, ಬೀಗವನ್ನು' ಎಂದು ಯಾರೋ ಆಡಿಕೊಂಡದ್ದು ಆಕೆಯ ಕಿವಿಗೂ ಬಿದ್ದಿತ್ತು. ಕ್ವಾಕು ಆ ಮುಖ ನೋಡಿದ. 'ನಾಲ್ಕು' ಎನ್ನಲು ಬಾಯಿ ತೆರೆದ.

"ಹದಿನೆಂಟು," ಎಂದ.

ಇಷ್ಟೇ ಅವನು ಆಡಿದ ಸುಳ್ಳು. ಉಳಿದದ್ದೆಲ್ಲ ಅಂಗಳದ್ದು. ಸಂಜೆಯ ಹೊತ್ತಿಗೆ ಅವನು ತರಗತಿಗೆ ಮೊದಲಿಗನಾಗಿದ್ದ. ಮರುದಿನ ಮಾನ್ಸಾಳ ಕೆಂಕೆ ಬುಟ್ಟಿಯ ಜೊತೆ ಸುದ್ದಿ ಪೇಟೆಗೆ ಹೋಗಿ, ಅವನನ್ನು ಇಡೀ ಕಾಲೇಜಿಗೇ ಮೊದಲಿಗನನ್ನಾಗಿ ಮಾಡಿ ಮರಳಿ ಬಂತು. ಭಾನುವಾರ ಚರ್ಚಿನಲ್ಲಿ "ಮೇಡಂ ಕುರ್ಚಿ ಬಿಟ್ಕೊಟ್ಟು, ಇನ್ಮೇಲೆ ಪಾಠ ನೀವೇ ಮಾಡಿ ಸಾರ್ ಅಂದ್ರಂತೆ" ಎಂದು ಕೇಳಿದಾಗ ಸ್ವತಃ ಕ್ವಾಕುವಿಗೇ ಅಷ್ಟೊಂದು ಆಶ್ಚರ್ಯವಾಗಲಿಲ್ಲ. ಹೊಸ ಅಂಗಿ ಹೊಲಿಸಿಕೊಂಡ. ಇಂಥ ಹೊತ್ತಿನಲ್ಲಿ ಮನುಷ್ಯ ನಾಚಿಕೊಳ್ಳಬೇಕು, ಆದರೆ ಹೊಸ ಅಂಗಿಯೊಳಗೆ ನಾಚಿಕೆ ಅಷ್ಟು ಸುಲಭವಾಗಿ ಹೊಗುವುದಿಲ್ಲ.

ಆ ಹೊತ್ತಿಗೆ ಸರಿಯಾಗಿ ಮನೆತನದಲ್ಲಿ ಒಂದು ಶುಭಕಾರ್ಯ ಬಂತು. ಕ್ವಾಕುವಿನ ಅಕ್ಕನ ಮಗ ಒಪೊಕು ಎಜಿಸು ರಸ್ತೆಯಲ್ಲಿ ಪಂಚರ್ ಅಂಗಡಿ ಇಟ್ಟಿದ್ದ. ಒಳ್ಳೆಯ ಹುಡುಗ. ಎಜಿಸು ಊರಿನ ಸೆರ್ವಾ ಎಂಬ ಟೀಚರನ್ನು ಎರಡು ವರ್ಷದಿಂದ ಮೆಚ್ಚಿದ್ದ, ಆಕೆಯೂ ಮೆಚ್ಚಿದ್ದಳು. ಮೆಚ್ಚದೆ ಇದ್ದವಳು ಸೆರ್ವಾಳ ಸೋದರತ್ತೆ ಬಿರಾಗೊ ಒಬ್ಬಳೇ. "ಟೈರಿಗೆ ಗಾಳಿ ತುಂಬೋನಿಗೆ ಕೊಡೋಕೆ ನಮ್ಮ ಹುಡುಗಿ ಏನು ಟ್ಯೂಬಾ?" ಎನ್ನುವುದು ಆಕೆಯ ವಾದ. ಆ ಮನೆಯಲ್ಲಿ ಮಾತೆಲ್ಲ ಬಿರಾಗೊಳದ್ದೇ. ಆದ್ದರಿಂದ 'ಬಾಗಿಲು ತಟ್ಟುವ' ದಿನ, ಅಂದರೆ ಗಂಡಿನ ಕಡೆಯವರು ಕಾಣಿಕೆಯ ಮದ್ಯದ ಬಾಟಲಿ ಹಿಡಿದು ಹೆಣ್ಣು ಕೇಳಲು ಹೋಗುವ ದಿನ, ಆಕೆಗೆ ಸರಿಸಾಟಿಯಾಗಿ ಮಾತಾಡುವ ಒಬ್ಬ ವಕ್ತಾರ ಬೇಕಿತ್ತು.

ಮನೆತನಕ್ಕೆ ವಕ್ತಾರನಿರಲಿಲ್ಲ ಎಂದಲ್ಲ. ಅಜೆಕುಂ ತಾತ ನಲವತ್ತು ವರ್ಷದಿಂದ ಮದುವೆ, ಸಾವು, ಜಗಳ, ರಾಜಿ ಎಲ್ಲಕ್ಕೂ ಮನೆತನದ ಬಾಯಿಯಾಗಿದ್ದವನು. ಆದರೆ ಯಜಮಾನ ಎನ್ಸಿಯಾ ಹೊಸದು ಕಂಡರೆ ಸೋಲುವ ಮನುಷ್ಯ.

"ಕಾಲೇಜಿಗೇ ಫಸ್ಟ್ ಬಂದೋನು ಮನೇಲಿರೋವಾಗ ಹಳಬರಿಗ್ಯಾಕೆ ತೊಂದರೆ?" ಎಂದ ಎನ್ಸಿಯಾ. "ಕ್ವಾಕು, ಹುಡುಗನ ಸೋದರಮಾವ ನೀನು. ನೀನೇ ಮಾತಾಡ್ತೀಯ."

"ಅಲ್ಲ, ಅದು ಹಾಗಲ್ಲ ಯಜಮಾನ್ರೇ..." ಎಂದ ಕ್ವಾಕು.

"ನೋಡಿದ್ರಾ ವಿನಯ! ಓದಿದೋರ ಲಕ್ಷಣವೇ ಅದು."

ಅಜೆಕುಂ ತಾತ ಕೋಲು ಊರಿಕೊಂಡು ಎದ್ದ. "ಆಗಲಿ. ನಾನು ಬಂದು ಮೂಲೇಲಿ ಕೂತಿರ್ತೀನಿ. ಓದಿದೋರು ಮಾತಾಡುವಾಗ ಹೇಗೆ ಸುಮ್ಮನಿರಬೇಕು ಅಂತ ಕಲ್ಕೊಳ್ತೀನಿ," ಎಂದ. ಆ ಮಾತಿನ ಬಿಸಿ ಎಲ್ಲರಿಗೂ ತಟ್ಟಿತು. ಕ್ವಾಕುವಿಗೆ ಎಲ್ಲರಿಗಿಂತ ಜಾಸ್ತಿ ತಟ್ಟಿತು. ಆಗಲೂ 'ನಾಲ್ಕು' ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಷ್ಟರಲ್ಲಿ ಒಪೊಕು ಬಂದು, ಕರಿ ಎಣ್ಣೆ ಮೆತ್ತಿದ ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡ.

"ಮಾವ, ಇನ್ನು ನನಗೆ ಭಯ ಇಲ್ಲ," ಎಂದ.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಗಂಡಿನ ಕಡೆಯ ಏಳು ಜನ ಎಜಿಸುವಿನಲ್ಲಿ ಸೆರ್ವಾಳ ಮನೆಯ ಅಂಗಳಕ್ಕೆ ಬಂದರು. ಪದ್ಧತಿಯಂತೆ ಹುಡುಗ ಬರಲಿಲ್ಲ. ಬಂದವರು ಸಾಲಾಗಿ ಎಲ್ಲರ ಕೈ ಕುಲುಕಿ ಕೂತರು. ಅವರಿಗೆ ನೀರು ಬಂತು. ಎದುರಿಗೆ ಸೆರ್ವಾಳ ಅಜ್ಜ, ಅವನ ಬಲಕ್ಕೆ ಬಿರಾಗೊ. ಹಿಂದೆ ಹೆಂಗಸರ ದಂಡು. ನೀರು ಕುಡಿದಾದ ಮೇಲೆ ಅಜ್ಜ ಎಲ್ಲ ಮನೆಯಲ್ಲೂ ಕೇಳುವ ಮಾತು ಕೇಳಿದ.

"ಇಲ್ಲಿ ನಾವೆಲ್ಲ ನೆಮ್ಮದಿಯಾಗಿದ್ದೀವಿ. ನೀವು ಬಂದ ಕಾರಣ ಹೇಳಬೇಕು."

ಅಂಬೆಗಾಲಿಡುವ ಮಗುವಿಗೂ ಅಲ್ಲಿ ಇದಕ್ಕೆ ಉತ್ತರ ಗೊತ್ತು. ತಟ್ಟನೆ 'ಕೆಟ್ಟದ್ದೇನೂ ಇಲ್ಲ' ಎನ್ನಬೇಕು. ಮಿಕ್ಕ ಮಾತೆಲ್ಲ ಆಮೇಲೆ. ಯಾಕೆಂದರೆ ಹಾಗೆ ಹೇಳದೆ ಸುಮ್ಮನೆ ನಿಂತವನು ಒಂದೇ ಒಂದು ಬಗೆಯ ಸುದ್ದಿ ತಂದಿರುತ್ತಾನೆ, ಸಾವಿನ ಸುದ್ದಿ. ಕ್ವಾಕು ಇದನ್ನು ಸಾವಿರ ಸಲ ಕೇಳಿದ್ದ, ನೂರು ಸಲ ತಾನೇ ಹೇಳಿದ್ದ. ಆದರೆ ಲಾಂಪ್ಟಿ ಮೇಡಂ ಹಳೇ ಪೀಠಿಕೆ ಬೇಡ ಎಂದು ಹಲಗೆಯ ಮೇಲೆ ಬರೆದು ಎರಡು ಗೀಟು ಎಳೆದಿದ್ದರು.

ಕ್ವಾಕು ಎದ್ದು ನಿಂತ. ಮೊದಲ ನಿಯಮದಂತೆ ಮೌನವಾದ.

ಒಂದು, ಎರಡು, ಮೂರು. ಮೂರರ ಹೊತ್ತಿಗೆ ತಾನು ಸಿದ್ಧಮಾಡಿದ್ದ ಪ್ರಶ್ನೆ, 'ಒಳ್ಳೆಯ ಮನೆಗೆ ಒಳ್ಳೆಯ ಹುಡುಗ ಸಿಕ್ಕರೆ ಎಷ್ಟು ಹೊತ್ತು ಯೋಚಿಸಬೇಕು' ಎಂಬುದು, ತಲೆಯಿಂದ ಎದ್ದು ಹೊರಟುಹೋಗಿತ್ತು. ಅದನ್ನು ಹುಡುಕುತ್ತ ಕ್ವಾಕು ಇನ್ನೂ ಮೌನವಾಗಿ ನಿಂತ. ಎರಡನೆಯ ನಿಯಮ ನೆನಪಾಗಿ, ಅಜ್ಜನ ಕಣ್ಣಲ್ಲಿ ಕಣ್ಣಿಟ್ಟ. ಹಿರಿಯರ ಕಣ್ಣನ್ನು ಹಾಗೆ ದಿಟ್ಟಿಸುವುದು ಅಲ್ಲಿ ಒಂದೋ ಉದ್ಧಟತನ, ಇಲ್ಲವೇ ತಡೆಯಲಾರದ ಸಂಕಟ. ಹೆದರಿಕೆಗೆ ಕ್ವಾಕುವಿನ ಕಣ್ಣಲ್ಲಿ ನೀರು ಬೇರೆ ತುಂಬಿತು.

ಅಜ್ಜ ಕೈಯಲ್ಲಿದ್ದ ಲೋಟ ಕೆಳಗಿಟ್ಟ. "ಏನಪ್ಪಾ? ಏನಾಯ್ತು?" ಎಂದ.

ಏನಾದರೂ ಹೇಳಲೇಬೇಕಿತ್ತು. ಕ್ವಾಕುವಿನ ತಲೆಯಲ್ಲಿ ಉಳಿದಿದ್ದ ಭಾಷಣ ಒಂದೇ ಒಂದು. ಅದು ತಾನಾಗಿ ಹೊರಬಂತು.

"ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು, ಇವತ್ತು ಸಂಜೆ ನಾವು ಇರ್ತೀವೋ ಇಲ್ವೋ ಅಂತ?" ಎಂದ ಕ್ವಾಕು. "ಒಂದು ಕಿಡಿ ಸಾಕು. ಬೆಳಿಗ್ಗೆ ನಗ್ತಾ ಕೆಲಸಕ್ಕೆ ಹೋದ ಯುವಕ ಮಧ್ಯಾಹ್ನಕ್ಕೆ ಬೂದಿ!"

ಆಮೇಲೆ ಮೊದಲು ಕಿರುಚಿದ್ದು ಹೆಣ್ಣಿನ ಕಡೆಯವರಲ್ಲ, ಒಪೊಕುವಿನ ಹೆತ್ತ ತಾಯಿ. ಅವಳು ಕ್ವಾಕುವಿನ ಪಕ್ಕದಲ್ಲೇ ಕೂತಿದ್ದಳು.

"ಅಯ್ಯೋ ನನ್ನ ಮಗನೇ! ಬೆಳಿಗ್ಗೆಯಿಂದ ಫೋನ್ ಎತ್ತಲಿಲ್ಲ ಅಂದಾಗಲೇ ಅಂದ್ಕೊಂಡೆ! ಲೋ ಕ್ವಾಕು, ಹೆತ್ತೋಳಿಗೆ ಹೇಳದೆ ಇಲ್ಲೀವರೆಗೂ ಕರ್ಕೊಂಡು ಬಂದೇನೋ!"

ತಾಯಿಯೇ ಅತ್ತ ಮೇಲೆ ಅನುಮಾನಕ್ಕೆ ಜಾಗವೆಲ್ಲಿ? ಒಳಮನೆಯಿಂದ ಸೆರ್ವಾ ಬರಿಗಾಲಲ್ಲಿ ಓಡಿಬಂದು ನೆಲದ ಮೇಲೆ ಕುಸಿದಳು. ಹೆಂಗಸರ ದಂಡು ಒಟ್ಟಾಗಿ ದನಿ ತೆಗೆಯಿತು. ಯಜಮಾನ ಎನ್ಸಿಯಾ ತಲೆಯ ಮೇಲೆ ಕೈಹೊತ್ತು, "ನನಗೂ ಹೇಳಲಿಲ್ಲವಲ್ಲಪ್ಪಾ!" ಎಂದು ಗೋಳಾಡಿದ. ಅಜೆಕುಂ ತಾತ ಮೂಲೆಯಿಂದ ಎದ್ದು, "ನಿಲ್ಲಿ! ಸ್ವಲ್ಪ ನಿಲ್ಲಿ!" ಎಂದು ಕೋಲು ಬಡಿದ. ಆ ಸದ್ದನ್ನು ಜನ ಶೋಕದ ಲೆಕ್ಕಕ್ಕೇ ಹಿಡಿದರು.

ಕ್ವಾಕು ಏನು ಮಾಡಬೇಕಿತ್ತು? ಬಾಯಿ ಮುಚ್ಚಬೇಕಿತ್ತು. ಆದರೆ ಸಭೆಯಲ್ಲಿ ಗಲಾಟೆಯಾದರೂ ನಿಲ್ಲಿಸಬೇಡಿ ಎಂಬ ನಾಲ್ಕನೆಯ ನಿಯಮ ಇಂಥ ಹೊತ್ತಿಗೇ ಬರೆದಂತಿತ್ತು. ಅವನು ದನಿ ಎತ್ತರಿಸಿ, ಕಣ್ಣುಮುಚ್ಚಿ ಮುಂದುವರಿದ. "ನೀರು ಹಾಕಿದ್ರೂ ಪ್ರಯೋಜನ ಇಲ್ಲ! ಮರಳು ಎರಚಿದ್ರೂ ಪ್ರಯೋಜನ ಇಲ್ಲ! ಬಾಗಿಲು ಮುರಿದು ನೋಡಿದಾಗ ಎಲ್ಲ ಮುಗಿದಿತ್ತು!" ಪ್ರತಿ ವಾಕ್ಯಕ್ಕೂ ಗೋಳು ಒಂದು ಸುತ್ತು ಮೇಲೇರಿತು.

ಇಷ್ಟೆಲ್ಲದರ ನಡುವೆ ಬಿರಾಗೊ ಎದ್ದು ನಿಂತಳು. ಆ ಸೀಮೆಯಲ್ಲಿ ಸತ್ತವರನ್ನು ಹಾಡಿ ಅಳುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ಸಾವಿನ ಮುಂದೆ ಹಗೆ ಇಟ್ಟುಕೊಳ್ಳುವ ಹೆಂಗಸೂ ಅವಳಲ್ಲ. ಎರಡು ಕೈಯನ್ನೂ ತಲೆಯ ಹಿಂದೆ ಕಟ್ಟಿ, ಅಂಗಳದ ನಡುವೆ ನಡೆಯುತ್ತ ದನಿ ತೆಗೆದಳು.

"ಅಯ್ಯೋ ಒಪೊಕೂ, ಬಂಗಾರದ ಕೈಯವನೇ! ನಡುದಾರೀಲಿ ನಿಂತ ಗಾಡಿಗಳಿಗೆಲ್ಲ ತಾಯಿಯಾಗಿದ್ದವನೇ! ಇಡೀ ಎಜಿಸು ರಸ್ತೆಗೆ ಉಸಿರು ತುಂಬಿದವನೇ, ನಿನ್ನ ಉಸಿರು ಎಲ್ಲಿ ಹೋಯ್ತೋ! ಇಂಥ ಅಳಿಯ ಇನ್ನು ಯಾವ ಮನೆಗೆ ಸಿಗ್ತಾನೋ!"

ಅಲ್ಲಿ ಸತ್ತವರ ಕಾರ್ಯವೆಲ್ಲ ಶನಿವಾರವೇ ನಡೆಯುವುದರಿಂದ ಅರ್ಧ ಊರು ಆಗಲೇ ಯಾವುದೋ ಒಂದು ಸಾವಿಗೆ ಹೊರಟು ಶೋಕದ ಕಪ್ಪು ಕೆಂಪು ಬಟ್ಟೆಯಲ್ಲಿ ಸಿದ್ಧವಾಗಿತ್ತು. ಗೋಳು ಕೇಳಿ ಎಲ್ಲರೂ ದಾರಿ ಬದಲಿಸಿ ಇಲ್ಲಿಗೇ ಬಂದರು. ಶಾಮಿಯಾನದವನು ಗಾಡಿ ಸಮೇತ ಬಂದು ಎರಡು ಕಂಬ ನೆಟ್ಟ. ಯಾರೋ ಕುರ್ಚಿ ಹಾಕಿದರು. ಧ್ವನಿವರ್ಧಕದವನು 'ಹಲೋ ಹಲೋ' ಅಂದ.

ಇತ್ತ ಒಪೊಕು ಫೋನ್ ಎತ್ತದಿರಲು ಕಾರಣ ಬಹಳ ಸರಳ. ಬೆಳಿಗ್ಗೆಯಿಂದ ಒಂದು ಲಾರಿಯ ಕೆಳಗೆ ಮಲಗಿ ಚಕ್ರ ಬಿಚ್ಚುತ್ತಿದ್ದ. ಕೆಲಸ ಮುಗಿದ ಮೇಲೆ ಮನಸ್ಸು ತಡೆಯದೆ, ಬೀದಿಯ ಕೊನೆಯಲ್ಲಾದರೂ ನಿಂತು ಸುದ್ದಿ ತಿಳಿಯೋಣ ಎಂದು ಎಜಿಸುವಿಗೆ ಬಂದ. ಬೀದಿಯ ಕೊನೆಗೇ ಗೋಳು ಕೇಳಿಸಿತು. ಸೆರ್ವಾಳ ಮನೆ, ಕಪ್ಪು ಬಟ್ಟೆ, ಶಾಮಿಯಾನ. ಪಾಪ, ಅಜ್ಜನೇ ಹೋಗಿಬಿಟ್ಟ ಎಂದುಕೊಂಡ. ಅಳಿಯನಾಗುವವನು ಅಳದೆ ಇರಲಾದೀತೇ? ತಲೆಯ ಮೇಲೆ ಕೈಹೊತ್ತು, "ಅಯ್ಯೋ ಅಜ್ಜಾ! ನನ್ನ ಮದುವೆ ನೋಡದೆ ಹೋದ್ಯಲ್ಲಾ!" ಎಂದು ಬೊಬ್ಬೆ ಹೊಡೆಯುತ್ತ ಒಳಗೆ ನುಗ್ಗಿದ.

ಎದುರಿಗೆ ಕುರ್ಚಿಯ ಮೇಲೆ ಅಜ್ಜ ಅಳುತ್ತ ಕೂತಿದ್ದ, ಒಪೊಕುವಿಗಾಗಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಒಟ್ಟಿಗೆ ಕಿರುಚಿದರು. ಮುಂದಿನ ಸಾಲಿನ ಜನ ಹಿಂದಿನ ಸಾಲಿನವರ ಮೇಲೆ ಬಿದ್ದು ಓಡಿದರು. ಸೆರ್ವಾ ಒಬ್ಬಳು ಓಡಲಿಲ್ಲ. ಮೆಲ್ಲನೆ ಹತ್ತಿರ ಬಂದು ಒಪೊಕುವಿನ ಕೈ ಮುಟ್ಟಿ ನೋಡಿದಳು. ಬೆರಳಿಗೆ ಎಣ್ಣೆಯ ಮಸಿ ಅಂಟಿತು.

"ಬದುಕಿದ್ದಾನೆ," ಎಂದಳು.

ಆಗ ಎಲ್ಲರ ಕಣ್ಣೂ ಕ್ವಾಕುವಿನ ಕಡೆ ತಿರುಗಿತು. ಅವನು ಇನ್ನೂ ಕಣ್ಣುಮುಚ್ಚಿಕೊಂಡು, ಗಲಾಟೆ ನಿಲ್ಲದ್ದರಿಂದ ಮತ್ತೆ ಮೊದಲಿಂದ ಶುರುಮಾಡಿದ್ದ ಭಾಷಣದ ಕೊನೆಯ ವಾಕ್ಯದಲ್ಲಿದ್ದ. "ಆದ್ದರಿಂದ ಪ್ರತಿ ಉಗ್ರಾಣದಲ್ಲೂ ಕನಿಷ್ಠ ಎರಡು ಬೆಂಕಿ ಆರಿಸುವ ಸಿಲಿಂಡರ್ ಇರಲೇಬೇಕು. ವಂದನೆಗಳು."

ಕಣ್ಣು ಬಿಟ್ಟ. ಅಂದು ಆ ಅಂಗಳದಲ್ಲಿ ಅವನು ಕಂಡದ್ದನ್ನು ಮುಂದೆ ಎಷ್ಟೋ ದಿನ ಊಟಕ್ಕೆ ಕೂತಾಗಲೂ ಕಂಡ. ಅಕ್ಕನ ಮುಖ, ಒಪೊಕುವಿನ ಮುಖ. ಗಂಡನ ಮೊದಲ ಭಾಷಣ ಕೇಳಲೆಂದೇ ಹೊಸ ಬಟ್ಟೆ ಉಟ್ಟು ಬಂದಿದ್ದ ಅಫಿಯಾ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಿದ್ದಳು. ಕ್ವಾಕುವಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಭೂಮಿಗೂ ಅವನ ಭಾಷಣ ಸಾಕಾಗಿತ್ತೇನೋ, ಬಾಯಿ ಬಿಡಲಿಲ್ಲ.

"ಹಾಗಾದ್ರೆ ಸತ್ತೋರು ಯಾರು?" ಎಂದ ಶಾಮಿಯಾನದವನು. "ಯಾರಾದ್ರೂ ಇರಲೇಬೇಕು. ನಾನು ಸುಮ್ಸುಮ್ನೆ ಕಂಬ ನೆಡೋದಿಲ್ಲ."

"ಇನ್ನೊಂದು ನಿಮಿಷ ಈ ಮನುಷ್ಯ ಇಲ್ಲೇ ನಿಂತಿದ್ರೆ ಸಿಗ್ತಾರೆ ತಡಿ," ಎಂದಳು ಬಿರಾಗೊ. ಬಾಟಲಿಗಳನ್ನು ಎತ್ತಿ ಕ್ವಾಕುವಿನ ತೋಳಿಗೆ ತುರುಕಿದಳು. "ಬದುಕಿರೋನಿಗೆ ನನ್ನ ಬಾಯಲ್ಲಿ ಸಾವಿನ ಹಾಡು ಹಾಡಿಸಿದ್ರಿ! ನಮ್ಮಪ್ಪನಿಗೆ ಇದ್ದ ಒಂದು ಎದೆಯೂ ಒಡೆದುಹೋಗ್ತಿತ್ತು! ಇನ್ನು ಈ ಬಾಗಿಲು ತಟ್ಟಬೇಡಿ. ತಟ್ಟಿದ್ರೂ ತೆಗೆಯೋರಿಲ್ಲ."

ಬಾಗಿಲು ಹಾಕಿದ ಸದ್ದು ಬೀದಿಯ ಕೊನೆಗೂ ಕೇಳಿಸಿತು. ಬಾಗಿಲ ಒಳಗೆ ಸೆರ್ವಾ, ಹೊರಗೆ ಒಪೊಕು. ಹುಡುಗ ಮಾವನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಪರವಾಗಿಲ್ಲ ಬಿಡಿ ಮಾವ," ಎಂದು ಬಾಟಲಿ ಹೊರಲು ಕೈಕೊಟ್ಟ. ಕ್ವಾಕು ಟ್ರೋಟ್ರೋ ವ್ಯಾನಿನ ಕೊನೆಯ ಸೀಟಿನಲ್ಲಿ ಮುದುಡಿ ಕೂತ. ಕುಮಾಸಿಯವರೆಗೂ ಒಬ್ಬರೂ ಅವನ ಕಡೆ ತಿರುಗಲಿಲ್ಲ.

ಅಂದಿನಿಂದ ಅಫಿಯಾ ಗಂಡನ ಜೊತೆ ನೇರವಾಗಿ ಮಾತಾಡುವುದನ್ನು ನಿಲ್ಲಿಸಿದಳು. ದೊಡ್ಡ ಮನುಷ್ಯರು ವಕ್ತಾರನ ಮೂಲಕ ಮಾತಾಡುವಂತೆ, ಆಕೆ ಅಂಗಳದ ಮೇಕೆಯ ಮೂಲಕ ಮಾತಾಡತೊಡಗಿದಳು. "ನೋಡಮ್ಮಾ ಮೇಕೆ, ಸೂಪು ಒಲೆ ಮೇಲಿದೆ. ಬೇಕಾದೋರು ಹಾಕ್ಕೊಂಡು ತಿನ್ನಲಿ." ಕ್ವಾಕುವೂ ಮೇಕೆಗೇ ಉತ್ತರ ಕೊಡುತ್ತಿದ್ದ. "ಹಸಿವಿಲ್ಲ ಅಂತ ಹೇಳು." ಮೇಕೆ ಎರಡೂ ಕಡೆಯದನ್ನು ಕೇಳಿ, ಯಾರ ಪರವೂ ವಹಿಸದೆ, ಗೆಣಸಿನ ಸಿಪ್ಪೆ ತಿನ್ನುತ್ತಿತ್ತು.

ಕಚೇರಿಯಲ್ಲಿ ಸಾಹೇಬರು ಒಳಗೆ ಕರೆದರು. "ಸಾರ್ಪಾಂಗ್, ಮುಂದಿನ ತಿಂಗಳು ನನ್ನ ಬೀಳ್ಕೊಡುಗೆ. ನೀವು ಮಾತಾಡ್ತೀರಿ ಅಂತ ಪಟ್ಟಿಯಲ್ಲಿತ್ತು. ತೆಗೆಸಿದ್ದೀನಿ. ನಾನು ಮನೆಗೆ ನಡ್ಕೊಂಡು ಹೋಗ್ಬೇಕು ಅಂತಿದ್ದೀನಿ, ಹೊರಿಸ್ಕೊಂಡಲ್ಲ," ಎಂದರು.

ಹತ್ತು ದಿನ ಕ್ವಾಕು ಇದನ್ನೆಲ್ಲ ನುಂಗಿದ. ಹನ್ನೊಂದನೆಯ ದಿನ ಒಪೊಕುವಿನ ಅಂಗಡಿಯ ಮುಂದೆ ಹಾದುಹೋಗುವಾಗ, ಹುಡುಗ ಒಂದು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದುಮಿ ಹಿಡಿದುಕೊಂಡು ಶೂನ್ಯ ನೋಡುತ್ತ ಕೂತಿದ್ದ. ಗುಳ್ಳೆಗಳು ಏಳುತ್ತಲೇ ಇದ್ದವು, ಅವನು ನೋಡುತ್ತಿರಲಿಲ್ಲ. ಕ್ವಾಕು ಅಲ್ಲಿಂದ ನೆಟ್ಟಗೆ ಅಜೆಕುಂ ತಾತನ ಮನೆಗೆ ಹೋದ. ಚಪ್ಪಲಿ ಕಳಚಿ ನೆಲದ ಮೇಲೆ ಕೂತ.

"ನೀವೇ ಬಂದು ಬೇಡ್ಕೋಬೇಕು ತಾತ. ನನ್ನ ತಪ್ಪಿಗೆ ಹುಡುಗ ಸಾಯ್ತಾ ಇದ್ದಾನೆ."

"ಮತ್ತೆ ಸಾಯಿಸಿದೆಯಾ ಅವನನ್ನ?" ಎಂದ ತಾತ. ಆಮೇಲೆ ಬಹಳ ಹೊತ್ತು ನಶ್ಯ ತಿಕ್ಕಿದ. "ಬರ್ತೀನಿ. ಒಂದು ಮಾತು. ಅಲ್ಲಿ ನೀನು ಬಾಯಿ ತೆಗೀಬಾರದು. ಆಕಳಿಕೆ ಬಂದ್ರೂ ನುಂಗ್ಕೋಬೇಕು."

ಮುಂದಿನ ಭಾನುವಾರ ಅದೇ ಏಳು ಜನ ಹೋದರು, ಒಂದು ಕುರಿ ಮತ್ತು ಅದೇ ಬಾಟಲಿಗಳೊಂದಿಗೆ. ತಪ್ಪೊಪ್ಪಿಗೆಗೆ ಬಂದವರನ್ನು ಹೊರಗೆ ನಿಲ್ಲಿಸುವಂತಿಲ್ಲ ಎಂಬ ಕಾರಣಕ್ಕೆ ಬಾಗಿಲು ತೆರೆಯಿತು. ನೀರು ಬಂತು. ಅಜ್ಜ ಕಾರಣ ಕೇಳುವ ಮೊದಲೇ ಅಜೆಕುಂ ತಾತ ಎರಡೂ ಕೈ ಎತ್ತಿ, "ಕೆಟ್ಟದ್ದೇನೂ ಇಲ್ಲ, ಕೆಟ್ಟದ್ದೇನೂ ಇಲ್ಲ, ಮೂರನೇ ಸಲವೂ ಹೇಳ್ತೀನಿ, ಕೆಟ್ಟದ್ದೇನೂ ಇಲ್ಲ!" ಎಂದ. ಅಜ್ಜನ ತುಟಿಯ ಕೊನೆ ಸ್ವಲ್ಪ ಕೊಂಕಿತು. ಬಿರಾಗೊಳ ಮುಖ ಮಾತ್ರ ಬೀಗ ಹಾಕಿದಂತೆಯೇ ಇತ್ತು.

ತಾತ ಹೆಗಲ ಮೇಲಿನ ಬಟ್ಟೆ ಇಳಿಸಿ, ನೆಲ ನೋಡುತ್ತ, ಮೆಲ್ಲಗೆ ಮಾತು ಶುರುಮಾಡಿದ. ಕುರಿ ಅಜ್ಜನ ನಡುಗಿದ ಎದೆಗೆ, ಬಾಟಲಿ ಸುಳ್ಳೇ ಕರೆದ ಸಾವನ್ನು ಮರಳಿ ಕಳಿಸುವುದಕ್ಕೆ ಎಂದ. ತಮ್ಮ ಮನೆತನದ ಹೆಡ್ಡತನವನ್ನು ಇಷ್ಟಗಲ ಹರಡಿದ. ಕೊನೆಗೆ ಬಿರಾಗೊಳ ಕಡೆ ಅರ್ಧ ತಿರುಗಿದ.

"ತಾಯೀ, ನಾನು ಮುದುಕ, ಕಿವಿ ಮಂದ. ಅವತ್ತು ಈ ಅಂಗಳದಲ್ಲಿ ಯಾರೋ 'ಇಂಥ ಅಳಿಯ ಇನ್ನು ಯಾವ ಮನೆಗೆ ಸಿಗ್ತಾನೋ' ಅಂದ ಹಾಗಾಯ್ತು. ಅವನು ಸಿಗ್ತಾನೆ, ಬದುಕೂ ಇದ್ದಾನೆ. ಯಾವ ಮನೆ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದ್ವಿ."

ಹಿಂದಿನ ಹೆಂಗಸರ ದಂಡಿನಲ್ಲಿ ಕಿಸಕ್ ಎಂದಿತು. ಬಿರಾಗೊ ಗಂಟಲು ಸರಿಮಾಡಿಕೊಂಡಳು.

"ಅದು... ಸತ್ತೋರಿಗೆ ಹಾಡೋದು ಬೇರೆ."

"ಸುಳ್ಳು ಹಾಡ್ತೀರಾ ತಾಯೀ, ಸತ್ತೋರಿಗೆ?"

ಆ ಸೀಮೆಗೆಲ್ಲ ಹೆಸರಾದ ಹಾಡುಗಾರ್ತಿ ಇದಕ್ಕೆ ಏನೆಂದಾಳು? ಆಕೆ ಸುತ್ತ ನೋಡಿದಳು. ಸೆರ್ವಾ ಬಾಗಿಲ ಬಳಿ ಉಸಿರು ಬಿಗಿಹಿಡಿದು ನಿಂತಿದ್ದಳು. ಆಗ ಬಿರಾಗೊಳ ಕಣ್ಣು ಮೂಲೆಯಲ್ಲಿ ಮುದುಡಿದ್ದ ಕ್ವಾಕುವಿನ ಮೇಲೆ ಬಿತ್ತು.

"ಎಲ್ಲ ಸರಿ. ಆದ್ರೆ ತಪ್ಪು ಮಾಡಿದ್ದು ಅವರು, ಬೇಡ್ಕೊಳ್ತಿರೋದು ನೀವು. ಹದಿನೆಂಟು ತಗೊಂಡು ಕಾಲೇಜಿಗೇ ಮೊದಲು ಬಂದ ಬಾಯಿ ಅಲ್ವಾ ಅದು? ತೆಗೆಯೋಕೆ ಹೇಳಿ. ಅವರ ಬಾಯಿಂದ ಒಂದು ಮಾತು ಬರದೆ ನಾನು ಈ ಬಾಟಲಿ ಮುಟ್ಟಲ್ಲ."

ತಾತ ಕಣ್ಣು ಮುಚ್ಚಿಕೊಂಡ. ಎನ್ಸಿಯಾ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ. ಒಪೊಕುವಿನ ತಾಯಿ ಮುಂಚಿತವಾಗಿಯೇ ಬಿಕ್ಕಿದಳು.

ಕ್ವಾಕು ಎದ್ದ. ಹೆಗಲಿನ ಬಟ್ಟೆ ಇಳಿಸಿದ. ಕಾಲು ಚಪ್ಪಲಿಯಿಂದ ಹೊರತೆಗೆದ. ಯಾರ ಕಣ್ಣನ್ನೂ ನೋಡಲಿಲ್ಲ, ತನ್ನ ಕಾಲಿನ ಹೆಬ್ಬೆರಳನ್ನು ನೋಡಿದ. ಈ ಸಲ ಮೌನಕ್ಕೆ ಒಂದು ಕ್ಷಣವೂ ಕೊಡಲಿಲ್ಲ.

"ಕೆಟ್ಟದ್ದೇನೂ ಇಲ್ಲ," ಎಂದ. "ನನಗೆ ಬಂದಿದ್ದು ನಾಲ್ಕು."

"ಏನು ನಾಲ್ಕು?" ಎಂದ ಅಜ್ಜ.

"ಇಪ್ಪತ್ತಕ್ಕೆ. ಹದಿನೆಂಟು ಅಂತ ಹೇಳಿದ್ದು ಸುಳ್ಳು. ಹೆಂಡತಿ ಮುಖ ನೋಡಿ ಹೇಳ್ಬಿಟ್ಟೆ. ಅವಳದೇನೂ ತಪ್ಪಿಲ್ಲ, ಅವಳು ನಂಬಿದಳು. ಮಾತಾಡೋಕೆ ಬರದೆ ಇದ್ರೂ ಮಾತಾಡ್ತೀನಿ ಅಂತ ಒಪ್ಕೊಂಡೆ. ಅವತ್ತು ಹೆದರಿಕೆಗೆ ಹುಡುಗನ ವಿಷಯ ಮರೆತು ಬೆಂಕಿ ಭಾಷಣ ಬಂದುಬಿಡ್ತು. ನಮ್ಮ ಒಪೊಕು ಒಳ್ಳೆಯವನು. ಅವತ್ತು ನಾನು ಇಷ್ಟೆಲ್ಲ ಹಾಳು ಮಾಡಿದ ಮೇಲೂ ನನ್ನ ಕೈಯಿಂದ ಬಾಟಲಿ ಇಸ್ಕೊಂಡು ಹೊತ್ತ. ನನ್ನ ನಾಲ್ಕನ್ನ ಅವನ ಲೆಕ್ಕಕ್ಕೆ ಹಾಕಬೇಡಿ."

ಇದಕ್ಕಿಂತ ಹೆಚ್ಚು ಸ್ವಂತ ಮಾತನ್ನು ಅವನು ಹುಟ್ಟಿದಾಗಿನಿಂದ ಒಟ್ಟಿಗೆ ಆಡಿರಲಿಲ್ಲ. ಮುಗಿಯಿತು ಎಂದು ಯಾರಿಗೂ ಗೊತ್ತಾಗಲಿಲ್ಲ, ಅವನಿಗೂ ಗೊತ್ತಾಗಲಿಲ್ಲ.

"ನಾಲ್ಕು," ಎಂದಳು ಬಿರಾಗೊ ನಿಧಾನವಾಗಿ. "ಅವತ್ತಿನ ಭಾಷಣ ನಾನು ಪೂರ್ತಿ ಕೇಳಿದ್ದೀನಿ. ನಾಲ್ಕು ಕೊಟ್ರಾ? ಆ ಮೇಡಂ ಕೈ ಬಹಳ ದೊಡ್ಡದು!"

ಮೊದಲು ನಕ್ಕವನು ಅಜ್ಜ. ಅವನ ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ಇಡೀ ಅಂಗಳಕ್ಕೆ ಹತ್ತಿಕೊಂಡಿತು. ಬಿರಾಗೊ ಬ್ಯಾಗಿನಿಂದ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡು, ಇನ್ನೊಂದು ಕೈಯಿಂದ ಬಾಟಲಿಗಳನ್ನು ತನ್ನ ಕಡೆ ಎಳೆದುಕೊಂಡಳು. ನಗದೆ ಉಳಿದವರು ಇಬ್ಬರು. ಕ್ವಾಕು, ಮತ್ತೆ ಸೆರಗು ತಿರುಚುತ್ತ ನೆಲ ನೋಡುತ್ತಿದ್ದ ಅಫಿಯಾ.

ಮದುವೆಯ ದಿನ ಗೊತ್ತಾಯಿತು. ಕ್ವಾಕುವಿಗೆ ಹೊಸ ಹೆಸರೂ ಗೊತ್ತಾಯಿತು. ಉಗ್ರಾಣದಲ್ಲಿ, ಚರ್ಚಿನಲ್ಲಿ, ಪೇಟೆಯಲ್ಲಿ ಎಲ್ಲರೂ ಅವನನ್ನು 'ನಾಲ್ಕು' ಎಂದೇ ಕರೆಯತೊಡಗಿದರು. ಅಫಿಯಾ ಇನ್ನೂ ಮೇಕೆಯ ಮೂಲಕವೇ ಮಾತಾಡುತ್ತಿದ್ದಳು.

ಕೊನೆಯ ಪರೀಕ್ಷೆ ಬಂತು. ಪಾಸಾಗಲು ಎಂಟು ಬೇಕು. ಕ್ವಾಕು ಲಾಂಪ್ಟಿ ಮೇಡಂ ಎದುರಿಗೆ ನಿಂತು, ನೆಲ ನೋಡುತ್ತ, "ಕೆಟ್ಟದ್ದೇನೂ ಇಲ್ಲ" ಎಂದು ಶುರುಮಾಡಿ, ಎಜಿಸುವಿನ ಕಥೆಯನ್ನು ಇದ್ದದ್ದು ಇದ್ದಂತೆ ಹೇಳಿದ. ತರಗತಿ ಬೆಂಚು ಬಡಿದು ನಕ್ಕಿತು. ಮೇಡಂ ಮೂರು ಸಲ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮುಖ ಗಂಭೀರ ಮಾಡಿಕೊಂಡರು. "ಮೌನ ಇಲ್ಲ, ಕಣ್ಣು ನೋಡಲಿಲ್ಲ, ಪ್ರಶ್ನೆ ಇಲ್ಲ, ಹಳೇ ಪೀಠಿಕೆ ಇದೆ, ನಾವು ನಕ್ಕಾಗಲೆಲ್ಲ ನಿಲ್ಲಿಸಿದ್ರಿ. ನಿಯಮ ನಿಯಮವೇ," ಎಂದು ಕಾಗದದ ಮೇಲೆ ಒಂಬತ್ತು ಬರೆದುಕೊಟ್ಟರು.

ಅಂಗಳಕ್ಕೆ ಬಂದಾಗ ಮಾನ್ಸಾ ಹಂಡೆ ಉಜ್ಜುವುದನ್ನು ನಿಲ್ಲಿಸಿದಳು.

"ನಾಲ್ಕು ಅವರೇ, ಈ ಸಲ ಎಷ್ಟು?"

"ಒಂಬತ್ತು," ಎಂದ ಕ್ವಾಕು.

ಮಾನ್ಸಾ ಬೆರಳು ಮಡಿಸಿ ಎಣಿಸಿದಳು. "ನಾಲ್ಕನ್ನ ಹದಿನೆಂಟು ಅಂದೋರು ಈಗ ಒಂಬತ್ತು ಅಂತಿದ್ದಾರೆ ಅಂದ್ರೆ, ಎರಡು ಬಂದಿದೆ."

"ಪಾಪ, ಎರಡಾದ್ರೂ ಬಂತಲ್ಲ," ಎಂದಿತು ಎದುರು ಬಾಗಿಲು.

"ನಿಜವಾಗಲೂ ಒಂಬತ್ತು," ಎಂದ ಕ್ವಾಕು. ಅವನ ದನಿ ಅವನಿಗೇ ಸುಳ್ಳು ಹೇಳಿದಂತೆ ಕೇಳಿಸಿತು. ಜೇಬಿನಿಂದ ಕಾಗದ ತೆಗೆದ. ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಹಿಡಿದುಕೊಂಡು ನಿಂತ.

ಒಲೆಯ ಮುಂದಿದ್ದ ಅಫಿಯಾ ಎದ್ದಳು. ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಮೇಕೆಯನ್ನು ದಾಟಿ ಬಂದು ಕಾಗದ ತೆಗೆದುಕೊಂಡಳು. ಮೇಲಿಂದ ಕೆಳಗೆ ಓದಿದಳು. ಇನ್ನೊಂದು ಸಲ ಓದಿದಳು. ಒಂಬತ್ತೂ ಬಾಗಿಲು ಅವಳ ಮುಖವನ್ನೇ ನೋಡುತ್ತಿದ್ದವು.

"ಏನಕ್ಕಾ, ಎಷ್ಟಂತೆ?" ಎಂದಳು ಮಾನ್ಸಾ.

ಅಫಿಯಾ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕೆಟ್ಟದ್ದೇನೂ ಇಲ್ಲ," ಎಂದಳು ಅಂಗಳಕ್ಕೆಲ್ಲ ಕೇಳುವಂತೆ. ಆಮೇಲೆ ಮೇಕೆಯ ಕಡೆ ನೋಡದೆ, ಗಂಡನ ಕಡೆ ತಿರುಗಿ, "ಬನ್ರೀ, ಫುಫು ಮುದ್ದೆ ಆರ್ತಾ ಇದೆ," ಎಂದಳು.